ಗೋಡೆಯ ಕ್ಯಾಲೆಂಡರಿನಲ್ಲೇ ಇದೆ ಪಿಸಿಓಡಿಯ ಮೊದಲ ರಿಪೋರ್ಟ್

"ಡಾಕ್ಟ್ರ, ಗಡ್ಡಿ ಎಷ್ಟ್ ಎಂ.ಎಂ. ಅದಾವ್ರೀ? ಗುಳಗಿ ತಗೊಂಡ್ರ ಕರಗ್ತಾವೋ, ಆಪರೇಷನ್ನೇ ಮಾಡಸಬೇಕೋ?"

ಸ್ಕ್ಯಾನ್ ಕವರ್ ಹಿಡಿದು ಮಗಳ ಜೊತೆ ಬರುವ ತಾಯಂದಿರು ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಮೊದಲು ಕೇಳುವುದು ಹೆಚ್ಚಾಗಿ ಇದನ್ನೇ. ರಿಪೋರ್ಟಿನ ಕೊನೆಯಲ್ಲಿ 'ಬೈಲ್ಯಾಟರಲ್ ಪಾಲಿಸಿಸ್ಟಿಕ್ ಓವರೀಸ್' (ಎರಡೂ ಅಂಡಾಶಯಗಳಲ್ಲಿ ಹಲವು ಗುಳ್ಳೆ) ಎಂಬ ಸಾಲು ಇರುತ್ತದೆ. ಆದರೆ ಹಿಂದಿನ ಸಲ ಮುಟ್ಟಾಗಿದ್ದು ಯಾವಾಗ, ಅದರ ಹಿಂದಿನ ಸಲ ಯಾವಾಗ ಎಂದು ಕೇಳಿದರೆ ತಾಯಿ ಮಗಳ ಮುಖ ನೋಡುತ್ತಾಳೆ, ಮಗಳು ನೆಲ ನೋಡುತ್ತಾಳೆ. "ಎರಡ್ ಮೂರ್ ತಿಂಗಳಾತ್ರೀ, ಜಾತ್ರಿ ಮುಂದ ಆಗಿತ್ತು ಅನಸ್ತದ." ಸಿಲಿಂಡರ್ ಬಂದ ದಿನ, ಹಾಲು ಬೇಡವೆಂದ ದಿನ, ಚೀಟಿಯ ಕಂತು ಎಲ್ಲವೂ ಗೋಡೆಯ ಕ್ಯಾಲೆಂಡರಿನಲ್ಲಿ ಇರುತ್ತವೆ. ಮುಟ್ಟಿನ ತಾರೀಖು ಮಾತ್ರ ಇರುವುದಿಲ್ಲ. ಪಿಸಿಓಡಿ (ಪಾಲಿಸಿಸ್ಟಿಕ್ ಓವೇರಿಯನ್ ಡಿಸೀಸ್) ಎಂಬ ಈ ಕಾಯಿಲೆಯ ಪತ್ತೆಗೆ ಸ್ಕ್ಯಾನಿಗಿಂತ ಹೆಚ್ಚು ಬೇಕಾದದ್ದು ಆ ತಾರೀಖುಗಳೇ.

ಮೊದಲು ಗಡ್ಡೆಯ ಮಾತು ಮುಗಿಸೋಣ. ಅಂಡಾಶಯದಲ್ಲಿ ಅಂಡವನ್ನು ಹೊತ್ತ ಸಣ್ಣ ಚೀಲಗಳಿರುತ್ತವೆ, ಫಾಲಿಕಲ್ ಎನ್ನುತ್ತಾರೆ. ಸಾಮಾನ್ಯವಾಗಿ ಪ್ರತಿ ತಿಂಗಳು ಹಲವು ಚೀಲಗಳು ಬೆಳೆಯಲು ಶುರುಮಾಡಿ, ಒಂದು ಮಾತ್ರ ಸುಮಾರು 20 ಮಿ.ಮೀ. ತನಕ ಬೆಳೆದು ಒಡೆದು ಅಂಡ ಹೊರಬರುತ್ತದೆ. ಪಿಸಿಓಡಿಯಲ್ಲಿ ಹಾಗಾಗುವುದಿಲ್ಲ. ಬಿತ್ತಿದ ಹೊಲದಲ್ಲಿ ಮಳೆ ಕೈಕೊಟ್ಟು ಪೈರೆಲ್ಲ ಗೇಣುದ್ದಕ್ಕೇ ನಿಂತಂತೆ ಚೀಲಗಳೆಲ್ಲ 2ರಿಂದ 9 ಮಿ.ಮೀ. ಒಳಗೇ ನಿಂತುಬಿಡುತ್ತವೆ. ಸ್ಕ್ಯಾನಿನಲ್ಲಿ ಕಾಣುವ 'ಗುಳ್ಳೆ' ಇವೇ. ಅವು ಗಡ್ಡೆಯೂ ಅಲ್ಲ, ಕ್ಯಾನ್ಸರೂ ಅಲ್ಲ, ಕೊಯ್ದು ತೆಗೆಯುವಂಥವೂ ಅಲ್ಲ. 1935ರಲ್ಲಿ ಷಿಕಾಗೋದ ಸ್ಟೈನ್ ಮತ್ತು ಲೆವೆಂಥಾಲ್ ಎಂಬ ವೈದ್ಯರು ಏಳು ಮಹಿಳೆಯರಲ್ಲಿ ಇದನ್ನು ವಿವರಿಸಿದಾಗ ಅಂಡಾಶಯದ ಒಂದು ತುಂಡನ್ನೇ ಕತ್ತರಿಸಿ ತೆಗೆಯುತ್ತಿದ್ದರು. ಚಿಕಿತ್ಸೆ ಬದಲಾಗಿ ಎಷ್ಟೋ ದಶಕಗಳಾದವು, ಹೆಸರು ಮಾತ್ರ ಗುಳ್ಳೆಯ ಮೇಲೇ ಉಳಿದು ಇಂದಿಗೂ ದಾರಿ ತಪ್ಪಿಸುತ್ತಿದೆ. ಪಿಸಿಓಡಿ ಹಗುರದ್ದು, ಪಿಸಿಓಎಸ್ ಜೋರಿನದು ಎಂಬ ಮಾತೂ ಮೊಬೈಲಿನಲ್ಲಿ ಓಡಾಡುತ್ತಿದೆ. ನಮ್ಮಲ್ಲಿ ಎರಡೂ ಹೆಸರನ್ನು ಬಳಸುವುದು ಒಂದೇ ಸ್ಥಿತಿಗೆ.

ಹೆಚ್ಚುಕಡಿಮೆ ಹತ್ತು ಹೆಂಗಸರಲ್ಲಿ ಒಬ್ಬರಿಗೆ ಈ ತೊಂದರೆ ಇರುತ್ತದೆ. ಜಗತ್ತಿನಾದ್ಯಂತ ಇದು ಇರುವವರಲ್ಲಿ ಶೇ. 70ರ ತನಕ ಮಂದಿಗೆ ಪತ್ತೆಯೇ ಆಗಿರುವುದಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮಲ್ಲಿ ಇದಕ್ಕೆ ಇನ್ನೊಂದು ಮುಖವೂ ಇದೆ: ಕಾಯಿಲೆ ಇಲ್ಲದ ಹದಿನಾರರ ಹುಡುಗಿಗೆ ಒಂದೇ ಸ್ಕ್ಯಾನ್ ನೋಡಿ ಪಿಸಿಓಡಿ ಎಂಬ ಹಣೆಪಟ್ಟಿ ಬೀಳುತ್ತದೆ.

ವಯಸ್ಕರಲ್ಲಿ ಮೂರು ಗುಣಗಳಲ್ಲಿ ಎರಡು ಇರಬೇಕು. 2003ರ ರಾಟರ್‌ಡ್ಯಾಮ್ ಮಾನದಂಡ ಇದು. ಒಂದು, ಮುಟ್ಟು ತಪ್ಪುವುದು. ಎರಡು, ಗಂಡು ಹಾರ್ಮೋನ್ ಹೆಚ್ಚಿರುವುದು. ಗದ್ದ, ಮೇಲ್ದುಟಿ, ಎದೆ, ಹೊಕ್ಕಳ ಕೆಳಗೆ ಒರಟು ಕೂದಲು, ಬಿಡದ ಮೊಡವೆ, ಬೈತಲೆ ಅಗಲವಾಗುವುದು ಇದರ ಗುರುತು. ಹೊರಗೆ ಕಾಣದಿದ್ದರೆ ರಕ್ತದಲ್ಲಿ ತಿಳಿಯುತ್ತದೆ. ಮೂರನೆಯದು, ಸ್ಕ್ಯಾನಿನಲ್ಲಿ ಸಣ್ಣ ಚೀಲ ತುಂಬಿದ ಅಥವಾ ದೊಡ್ಡದಾದ ಅಂಡಾಶಯ. 2023ರ ಅಂತಾರಾಷ್ಟ್ರೀಯ ಮಾರ್ಗಸೂಚಿ ವಯಸ್ಕರಲ್ಲಿ ಸ್ಕ್ಯಾನ್ ಬದಲು ಎಎಂಎಚ್ (ಅಂಡಾಶಯದ ಸಣ್ಣ ಚೀಲಗಳಿಂದ ಬರುವ ಹಾರ್ಮೋನ್) ರಕ್ತಪರೀಕ್ಷೆಯನ್ನೂ ಒಪ್ಪುತ್ತದೆ. ಮೊದಲೆರಡು ಗುಣ ಸ್ಪಷ್ಟವಾಗಿದ್ದರೆ ಮೂರನೆಯದರ ಅಗತ್ಯವೇ ಇಲ್ಲ. ಹದಿಹರೆಯದ ಹುಡುಗಿಯರಲ್ಲಿ ಮೊದಲೆರಡೂ ಇರಲೇಬೇಕು. ಋತುಮತಿಯಾಗಿ 8 ವರ್ಷ ಆಗುವ ತನಕ ಸ್ಕ್ಯಾನನ್ನು ಈ ಪತ್ತೆಗೆ ಬಳಸಬಾರದು, ಏಕೆಂದರೆ ಆ ವಯಸ್ಸಿನಲ್ಲಿ ಆರೋಗ್ಯವಂತ ಅಂಡಾಶಯದಲ್ಲೂ ಸಣ್ಣ ಚೀಲಗಳು ತುಂಬಿರುತ್ತವೆ. ಹದಿಮೂರಕ್ಕೆ ದೊಡ್ಡವಳಾದ ಹುಡುಗಿಗೆ ಇಪ್ಪತ್ತೊಂದರವರೆಗೂ ಸ್ಕ್ಯಾನ್ ನೋಡಿ 'ಪಿಸಿಓಡಿ ಇದೆ' ಎನ್ನುವಂತಿಲ್ಲ.

ಹಾಗಾದರೆ ಮುಟ್ಟು ತಪ್ಪುವುದು ಎಂದರೆ ಎಷ್ಟು? ಲೆಕ್ಕ ಹಾಕಬೇಕಾದದ್ದು ಮುಟ್ಟಿನ ಮೊದಲ ದಿನದಿಂದ ಮುಂದಿನ ಮುಟ್ಟಿನ ಮೊದಲ ದಿನಕ್ಕೆ. ಋತುಮತಿಯಾದ ಮೊದಲ ವರ್ಷ ಹೇಗಾದರೂ ಇರಲಿ, ಅದು ಸಹಜ. ಒಂದರಿಂದ ಮೂರು ವರ್ಷದ ನಡುವೆ 21 ದಿನಕ್ಕಿಂತ ಕಡಿಮೆ ಅಥವಾ 45 ದಿನಕ್ಕಿಂತ ಹೆಚ್ಚು ಅಂತರವಿದ್ದರೆ ಕ್ರಮ ತಪ್ಪಿದೆ ಎಂದರ್ಥ. ಮೂರು ವರ್ಷ ದಾಟಿದ ಮೇಲೆ 21ಕ್ಕಿಂತ ಕಡಿಮೆ, 35ಕ್ಕಿಂತ ಹೆಚ್ಚು, ಅಥವಾ ವರ್ಷಕ್ಕೆ ಎಂಟಕ್ಕಿಂತ ಕಡಿಮೆ ಸಲ. ಮೊದಲ ವರ್ಷ ಮುಗಿದ ಮೇಲೆ ಒಂದೇ ಒಂದು ಸಲ 90 ದಿನ ದಾಟಿದರೂ ತೋರಿಸಬೇಕು. ಹದಿನೈದು ತುಂಬಿದರೂ ದೊಡ್ಡವಳಾಗದ ಹುಡುಗಿಯನ್ನೂ ಕರೆತರಬೇಕು. 28 ದಿನಕ್ಕೇ ಆಗಬೇಕೆಂಬ ನಿಯಮವಿಲ್ಲ. 33 ದಿನಕ್ಕೊಮ್ಮೆ ಸರಿಯಾಗಿ ಆಗುವವಳಿಗೆ 'ಪ್ರತಿ ತಿಂಗಳು ಮುಂದ ಹೊಂಟೈತಿ' ಎಂದು ಗುಳಿಗೆ ಕೊಡಿಸುವುದು ತಪ್ಪು.

ಮದುವೆಯಾಗದ ಹುಡುಗಿಯರಿಗೆ ಹೊಟ್ಟೆಯ ಮೇಲಿಂದಲೇ ಸ್ಕ್ಯಾನ್ ಮಾಡುತ್ತಾರೆ, ಮೂತ್ರಕೋಶ ತುಂಬಿರಬೇಕು. ಹೀಗೆ ನೋಡಿದಾಗ ಚೀಲಗಳ ಎಣಿಕೆ ನಂಬುವಂತಿರುವುದಿಲ್ಲ; ಅಂಡಾಶಯದ ಗಾತ್ರವನ್ನು ನೋಡಬೇಕು. ರಿಪೋರ್ಟಿನಲ್ಲಿ ಮೂರು ಅಳತೆ ಕೊಟ್ಟಿರುತ್ತಾರೆ. 3.5, 2.5, 2.2 ಸೆಂ.ಮೀ. ಎಂದಿದ್ದರೆ ಮೂರನ್ನೂ ಗುಣಿಸಿ 0.52ರಿಂದ ಮತ್ತೆ ಗುಣಿಸಿ: ಸುಮಾರು 10 ಮಿ.ಲೀ. ಬರುತ್ತದೆ. 10 ಮತ್ತು ಅದಕ್ಕಿಂತ ಹೆಚ್ಚಿದ್ದರೆ ಮಾತ್ರ ದೊಡ್ಡದು. ಅದೇ ಅಂಡಾಶಯದಲ್ಲಿ 10 ಮಿ.ಮೀ. ಮೀರಿದ ಚೀಲವೊಂದು ಬೆಳೆಯುತ್ತಿದ್ದರೆ ಆ ಅಳತೆ ಲೆಕ್ಕಕ್ಕಿಲ್ಲ, ಇನ್ನೊಮ್ಮೆ ನೋಡಬೇಕು.

ಪಿಸಿಓಡಿಯಂತೆಯೇ ಕಾಣುವ ಬೇರೆ ಕಾಯಿಲೆಗಳಿವೆ, ಅವನ್ನು ಮೊದಲು ತಳ್ಳಿಹಾಕಬೇಕು. ಅದಕ್ಕೇ ಥೈರಾಯ್ಡ್ ನೋಡುವ ಟಿಎಸ್‌ಎಚ್, ಮೆದುಳಿನ ಬುಡದ ಗ್ರಂಥಿಯಿಂದ ಬರುವ ಹಾಲಿನ ಹಾರ್ಮೋನ್ ಪ್ರೊಲ್ಯಾಕ್ಟಿನ್, ಅಡ್ರಿನಲ್ ಗ್ರಂಥಿಯ ತೊಂದರೆ ತಿಳಿಸುವ ಬೆಳಗಿನ ಹೊತ್ತಿನ 17-ಓಎಚ್ ಪ್ರೊಜೆಸ್ಟರಾನ್ ಬರೆಯುತ್ತಾರೆ. ಪ್ರೊಲ್ಯಾಕ್ಟಿನ್ ವಿಷಯದಲ್ಲಿ ಒಂದು ಎಚ್ಚರಿಕೆ. ಗ್ಯಾಸ್ಟ್ರಿಕ್‌ಗೆಂದು ತಿಂಗಳುಗಟ್ಟಲೆ ನುಂಗುವ ಎಷ್ಟೋ ಗುಳಿಗೆಗಳಲ್ಲಿ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಜೊತೆ ವಾಂತಿ ತಡೆಯುವ ಡಾಂಪೆರಿಡೋನ್ ಸೇರಿರುತ್ತದೆ. ಡಾಂಪೆರಿಡೋನ್ ಪ್ರೊಲ್ಯಾಕ್ಟಿನ್ ಏರಿಸುತ್ತದೆ, ಮುಟ್ಟನ್ನೂ ತಪ್ಪಿಸಬಲ್ಲದು. ರಕ್ತ ಕೊಡುವ ಮೊದಲು ಆ ಗುಳಿಗೆಯ ಪಟ್ಟಿ ತೋರಿಸದಿದ್ದರೆ ಮೆದುಳಿನ ಎಂಆರ್‌ಐ ತನಕ ಓಡಾಟವಾಗುತ್ತದೆ. ಗಂಡು ಹಾರ್ಮೋನ್ ಅಳೆಯುವ ಟೆಸ್ಟೊಸ್ಟೆರಾನ್ ಪರೀಕ್ಷೆಯೂ ಹಾಗೆಯೇ: ಹಾರ್ಮೋನ್ ಗುಳಿಗೆ ತೆಗೆದುಕೊಳ್ಳುತ್ತಿರುವಾಗ ಮಾಡಿಸಿದರೆ ಅರ್ಥವಿಲ್ಲ, ನಿಲ್ಲಿಸಿ ಮೂರು ತಿಂಗಳಾಗಿರಬೇಕು. ಖಾಲಿಹೊಟ್ಟೆ ಇನ್ಸುಲಿನ್ ಪರೀಕ್ಷೆ, ಎಲ್‌ಎಚ್-ಎಫ್‌ಎಸ್‌ಎಚ್ ಅನುಪಾತ ಇವುಗಳ ಮೇಲೆ ಈಗ ಪತ್ತೆ ನಿಂತಿಲ್ಲ. ಆ ಹಣ ಉಳಿಸಿ ಸಕ್ಕರೆ ಪರೀಕ್ಷೆಗೆ ಹಾಕಿ.

ಏಕೆಂದರೆ ಹೆಚ್ಚಿನವರಲ್ಲಿ ಈ ಕಾಯಿಲೆಯ ಬೇರು ಇನ್ಸುಲಿನ್ ಬಳಿ ಇರುತ್ತದೆ. ದೇಹ ಇನ್ಸುಲಿನ್ ಮಾತು ಕೇಳದಿದ್ದಾಗ ಮೇದೋಜೀರಕ ಇನ್ನಷ್ಟು ಸುರಿಸುತ್ತದೆ. ಹೆಚ್ಚಾದ ಇನ್ಸುಲಿನ್ ಅಂಡಾಶಯದಿಂದ ಗಂಡು ಹಾರ್ಮೋನ್ ಹೆಚ್ಚು ಮಾಡಿಸುತ್ತದೆ, ಆ ಹಾರ್ಮೋನನ್ನು ಕಟ್ಟಿಹಾಕುವ ಪ್ರೋಟೀನನ್ನು ಯಕೃತ್ತಿನಲ್ಲಿ ತಗ್ಗಿಸುತ್ತದೆ. ಗದ್ದದ ಕೂದಲು, ತಪ್ಪಿದ ಮುಟ್ಟು ಎರಡೂ ಅಲ್ಲಿಂದ ಬರುತ್ತವೆ. ಹೊರಗಿನ ಗುರುತು ಕತ್ತಿನ ಹಿಂದೆ, ಕಂಕುಳಲ್ಲಿ ಮಖಮಲ್ಲಿನಂತೆ ದಪ್ಪಗಾದ ಕಪ್ಪು ಚರ್ಮ. ಅದನ್ನು ಮಣ್ಣು ಎಂದು ತಿಳಿದು ಕಲ್ಲಿನಿಂದ ತಿಕ್ಕಿ ತಿಕ್ಕಿ ಹುಡುಗಿಯರ ಕತ್ತು ಗಾಯ ಮಾಡಬೇಡಿ, ಅವ್ವಂದಿರೇ. ಅದು ತಿಕ್ಕಿದರೆ ಹೋಗುವುದಿಲ್ಲ, ಇನ್ಸುಲಿನ್ ಇಳಿದರೆ ತಿಳಿಯಾಗುತ್ತದೆ. ಸಣಕಲಾಗಿರುವವರಲ್ಲೂ ಪಿಸಿಓಡಿ ಇರುತ್ತದೆ ಎಂಬುದು ಗಮನದಲ್ಲಿರಲಿ.

ಸರಿಯಾದ ಸಕ್ಕರೆ ಪರೀಕ್ಷೆ ಎಂದರೆ ರಾತ್ರಿಯೆಲ್ಲ ಉಪವಾಸವಿದ್ದು ರಕ್ತ ಕೊಟ್ಟು, 75 ಗ್ರಾಂ ಗ್ಲೂಕೋಸನ್ನು ಸುಮಾರು 300 ಮಿ.ಲೀ. ನೀರಿನಲ್ಲಿ ಐದು ನಿಮಿಷದೊಳಗೆ ಕುಡಿದು, ಎರಡು ಗಂಟೆ ಅಲ್ಲೇ ಕೂತು ಮತ್ತೆ ರಕ್ತ ಕೊಡುವುದು. ನಡುವೆ ಚಹಾ, ಓಡಾಟ ಎರಡೂ ಬೇಡ. ಎರಡನೆಯದು 140ರಿಂದ 199 ಬಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದೀರಿ, 200 ಮತ್ತು ಮೇಲೆ ಎಂದರೆ ಒಳಗೇ. ಬರೀ ಖಾಲಿಹೊಟ್ಟೆಯ ಪರೀಕ್ಷೆ ಎಷ್ಟೋ ಸಲ ಸರಿಯಾಗೇ ಬಂದಿರುತ್ತದೆ. ರಕ್ತಹೀನತೆ ಇರುವವರಲ್ಲಿ ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ ಕೂಡ ಮೋಸ ಮಾಡುತ್ತದೆ, ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಎಷ್ಟಿದೆ ಎಂದು ಬೇರೆ ಹೇಳಬೇಕಿಲ್ಲ.

ಇನ್ನು ಗುಳಿಗೆ. ಹೆಚ್ಚು ಎಡವಟ್ಟಾಗುವುದು ಇಲ್ಲೇ. ಅಂಡ ಬಿಡುಗಡೆಯಾಗದಿದ್ದರೆ ಒಳಪದರವನ್ನು ಹದದಲ್ಲಿಡುವ ಪ್ರೊಜೆಸ್ಟರಾನ್ ಹಾರ್ಮೋನ್ ಹುಟ್ಟುವುದಿಲ್ಲ; ಗರ್ಭಕೋಶದ ಒಳಪದರ ಈಸ್ಟ್ರೋಜನ್ ಒಂದರಿಂದಲೇ ದಪ್ಪವಾಗುತ್ತ ಹೋಗುತ್ತದೆ. ಮೊದಲು ತಿಂಗಳುಗಟ್ಟಲೆ ಸುದ್ದಿಯಿಲ್ಲ, ಆಮೇಲೆ ಹದಿನೈದು ದಿನವಾದರೂ ನಿಲ್ಲದ ರಕ್ತಸ್ರಾವ. ವರ್ಷಗಟ್ಟಲೆ ಹೀಗೆ ಬಿಟ್ಟರೆ ಒಳಪದರದ ಕ್ಯಾನ್ಸರಿನ ಅಪಾಯ ಏರುತ್ತದೆ. ಆದ್ದರಿಂದ 90 ದಿನ ದಾಟಲು ಬಿಡಬಾರದು. ಮೊದಲು ಗರ್ಭ ಪರೀಕ್ಷೆ, ಆಮೇಲೆ ವೈದ್ಯರು ಕೆಲವು ದಿನ ಪ್ರೊಜೆಸ್ಟರಾನ್ ಗುಳಿಗೆ ಕೊಡುತ್ತಾರೆ, ನಿಲ್ಲಿಸಿದ ಮೇಲೆ ಸ್ರಾವವಾಗುತ್ತದೆ. ದಿನವೂ ತೆಗೆದುಕೊಳ್ಳುವ ಸಂಯುಕ್ತ ಹಾರ್ಮೋನ್ ಗುಳಿಗೆ (ಈಸ್ಟ್ರೋಜನ್ ಜೊತೆ ಪ್ರೊಜೆಸ್ಟರಾನ್ ಥರದ ಹಾರ್ಮೋನ್ ಇರುವುದು) ಕೂದಲು, ಮೊಡವೆಗೂ ಸಹಾಯ ಮಾಡುತ್ತದೆ. ಮೂರು ತಿಂಗಳು ಗುಳಿಗೆ ನುಂಗಿ, ತಿಂಗಳು ತಿಂಗಳು ಮುಟ್ಟಾಗಿದ್ದು ನೋಡಿ, 'ಆರಾಮಾತು' ಎಂದು ಬಿಡುತ್ತಾರೆ. ಆರಾಮ ಆಗಿರುವುದಿಲ್ಲ. ಆ ಸ್ರಾವ ಗುಳಿಗೆ ನಿಂತದ್ದರಿಂದ ಬಂದದ್ದು, ಅಂಡ ಬಿಡುಗಡೆಯಾಗಿ ಬಂದದ್ದಲ್ಲ. ಬಿಟ್ಟ ಮೇಲೆ ಮೊದಲಿನಂತೆಯೇ ತಪ್ಪಿದರೆ 'ಗುಳಗಿಯಿಂದನ ಕೆಟ್ಟಿತು' ಎನ್ನುತ್ತಾರೆ. ಗುಳಿಗೆ ಒಳಪದರವನ್ನು ಕಾಯುತ್ತಿತ್ತು, ಅಷ್ಟೇ. ಕೂದಲು ತಗ್ಗಿದ್ದು ಕಾಣಲು ಕನಿಷ್ಠ ಆರು ತಿಂಗಳು ಬೇಕು. ಅಲ್ಲಿಯವರೆಗೆ ದಾರದಿಂದ ತೆಗೆಸಿಕೊಳ್ಳಬಹುದು, ಅದರಿಂದ ಕೂದಲು ದಪ್ಪವಾಗಿ ಬರುತ್ತದೆ ಎಂಬುದು ಸುಳ್ಳು. ಅರೆತಲೆನೋವಿನ ಮುಂಚೆ ಕಣ್ಣಿಗೆ ಮಿಂಚು ಕಾಣುವವರು, ರಕ್ತದೊತ್ತಡ ಹೆಚ್ಚಿರುವವರು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದವರು ಸಂಯುಕ್ತ ಗುಳಿಗೆ ತೆಗೆದುಕೊಳ್ಳಬಾರದು. ಬಿಪಿ ನೋಡಿಸದೆ ಶುರು ಮಾಡಬೇಡಿ.

ಪೂಜೆ, ಜಾತ್ರೆ, ಅಕ್ಕನ ಮದುವೆ ಎಂದು ಮೆಡಿಕಲ್ ಶಾಪಿನಿಂದ ತರುವ 'ಮುಂದ ಹಾಕೋ ಗುಳಗಿ' ಬಹುಪಾಲು ನಾರ್‌ಎಥಿಸ್ಟೆರಾನ್ ಎಂಬ ಪ್ರೊಜೆಸ್ಟರಾನ್ ಥರದ ಹಾರ್ಮೋನ್. ಅದನ್ನು ನುಂಗಿದ ತಿಂಗಳ ತಾರೀಖು ನಿಮ್ಮ ದೇಹದ ತಾರೀಖಲ್ಲ. ವರ್ಷಕ್ಕೆ ನಾಲ್ಕು ಸಲ ನುಂಗಿದರೆ ನಾಲ್ಕು ತಿಂಗಳ ಲೆಕ್ಕವೇ ಕೆಟ್ಟಿತು. ರಕ್ತ ಹೆಪ್ಪುಗಟ್ಟಿದ್ದವರಿಗೆ ಅಪಾಯವೂ ಹೌದು.

ಮೆಟ್‌ಫಾರ್ಮಿನ್ ಬರೆದುಕೊಟ್ಟರೆ "ಇದು ಸಕ್ಕರಿ ಗುಳಗಿ, ನಮ್ಮ ಹುಡುಗಿಗೆ ಸಕ್ಕರಿ ಇಲ್ಲಲ್ರೀ" ಎಂದು ಅರ್ಧಕ್ಕೇ ಬಿಡುವವರು ಬಹಳ. ಅದನ್ನು ಕೊಡುವುದು ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡಲಿ ಎಂದು. ಹೊಟ್ಟೆ ಕೆಡುವುದು ನಿಜ. ಅದಕ್ಕೇ 500 ಮಿ.ಗ್ರಾಂ.ನಿಂದ ಶುರುಮಾಡಿ, ಊಟದ ಜೊತೆಗೇ ತೆಗೆದುಕೊಂಡು, ವಾರ ಎರಡು ವಾರಕ್ಕೊಮ್ಮೆ ವೈದ್ಯರು ಹೇಳಿದಷ್ಟು ಏರಿಸಬೇಕು. ಬಹಳ ಕಾಲ ತೆಗೆದುಕೊಂಡರೆ ಬಿ12 ಇಳಿಯುತ್ತದೆ. ಮಾಂಸ, ಮೊಟ್ಟೆ ತಿನ್ನದ ಮನೆಗಳಲ್ಲಿ ಇದನ್ನು ಪರೀಕ್ಷಿಸಲೇಬೇಕು. ಪಿಸಿಓಡಿಗೆಂದು ಮಾರುವ ದುಬಾರಿ ಇನೊಸಿಟಾಲ್ ಪುಡಿಗಳಿಗೆ ಪುರಾವೆ ಕಡಿಮೆ. ತೆಗೆದುಕೊಂಡರೆ ಹಾನಿ ಹೆಚ್ಚಿಲ್ಲ, ಆದರೆ ಅದನ್ನು ಕೊಳ್ಳಲು ಸಾಲ ಮಾಡಬೇಡಿ.

ಊಟದ ವಿಷಯದಲ್ಲಿ ನಮ್ಮ ಭಾಗದವರು ಎಲ್ಲಿಂದಲೋ ಡಯಟ್ ಚಾರ್ಟ್ ತರಬೇಕಿಲ್ಲ. ಎರಡು ಜೋಳದ ರೊಟ್ಟಿ, ಒಂದು ದೊಡ್ಡ ವಾಟಗ ಮಡಿಕಿಕಾಳು ಅಥವಾ ಹೆಸರುಕಾಳಿನ ಪಲ್ಯ, ಹಸಿ ಹಕ್ಕರಕಿ, ಮೆಂತ್ಯ, ಸೌತೆಕಾಯಿ, ಮೊಸರು, ಒಂದು ಚಮಚ ಶೇಂಗಾ ಚಟ್ನಿ. ಇದಕ್ಕಿಂತ ಒಳ್ಳೆಯ ತಟ್ಟೆ ಸಿಗದು. ಕೆಡುವುದು ರೊಟ್ಟಿ ಉಂಡ ಮೇಲೆ ಬರುವ ಅನ್ನದ ರಾಶಿಯಿಂದ, ಚಹಾದಿಂದ. ದಿನಕ್ಕೆ ಐದು ಕಪ್ ಚಹಾ, ಕಪ್ಪಿಗೆ ಎರಡು ಸಣ್ಣ ಚಮಚ ಸಕ್ಕರೆ ಎಂದರೆ 40 ಗ್ರಾಂ. ತಿಂಗಳಿಗೆ ಒಬ್ಬಳೇ ಒಂದು ಕಿಲೋ ಇನ್ನೂರು ಗ್ರಾಂ ಸಕ್ಕರೆ ಕುಡಿದಂತಾಯಿತು. ಗದಗ, ಹಾವೇರಿಯಿಂದ ಬಂದು ಧಾರವಾಡದ ಸಪ್ತಾಪುರದ ಪಿಜಿಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗಿಯರ ಬಗ್ಗೆ ವಿಶೇಷ ಕಾಳಜಿ ಬೇಕು. ಬೆಳಿಗ್ಗೆ ಅವಲಕ್ಕಿ, ಮಧ್ಯಾಹ್ನ ಅನ್ನ-ಸಾರು, ಸಂಜೆ ಗಿರಮಿಟ್ಟು-ಮಿರ್ಚಿ, ಹತ್ತು ಹನ್ನೆರಡು ತಾಸು ಲೈಬ್ರರಿಯ ಕುರ್ಚಿ. ಕಾಳು, ಮೊಸರು, ಮೊಟ್ಟೆ ತಟ್ಟೆಯಲ್ಲೇ ಇಲ್ಲ. ಊರಿಗೆ ಹೋದಾಗ ಚಕ್ಕುಲಿ ಡಬ್ಬಿಯ ಜೊತೆ ಹುರಿಗಡಲೆ, ಹುರಿದ ಶೇಂಗಾ ಕಟ್ಟಿಕೊಡಿ.

ತೂಕ ಹೆಚ್ಚಿರುವವರು ಶೇ. 5ರಿಂದ 10ರಷ್ಟು ಇಳಿಸಿದರೂ ಎಷ್ಟೋ ಜನರಲ್ಲಿ ಮುಟ್ಟು ತಾನಾಗಿ ದಾರಿಗೆ ಬರುತ್ತದೆ. 70 ಕಿಲೋ ಇದ್ದವರಿಗೆ ಮೂರೂವರೆಯಿಂದ ಏಳು ಕಿಲೋ ಆಯಿತು. ವಾರಕ್ಕೆ 150 ನಿಮಿಷವಾದರೂ ಬಿರುಸಿನ ನಡಿಗೆ ಬೇಕು; ಉಣಕಲ್ ಕೆರೆಯ ದಂಡೆಯಲ್ಲಿ ಹರಟುತ್ತ ಅಡ್ಡಾಡುವುದಲ್ಲ, ಮಾತಾಡಬಹುದು ಆದರೆ ಹಾಡಲಾಗದು ಎನ್ನುವಷ್ಟು ವೇಗ. ವಾರಕ್ಕೆ ಎರಡು ದಿನ ಕುರ್ಚಿಯಿಂದ ಎದ್ದು ಕೂರುವುದು, ನೀರು ತುಂಬಿದ ಬಾಟಲಿ ಎತ್ತುವುದು ಮುಂತಾದ ಸ್ನಾಯುಬಲದ ವ್ಯಾಯಾಮ. ತೂಕ ಇಳಿಯದಿದ್ದರೂ ಇದರಿಂದ ಇನ್ಸುಲಿನ್ ಸುಧಾರಿಸುತ್ತದೆ.

ಮದುವೆಯ ಮಾತು ಬಂದಾಗ ಮನೆಗಳಲ್ಲಿ ಎರಡು ತಪ್ಪು ನಡೆಯುತ್ತವೆ. 'ಮದುವಿ ಆದ್ರ ಎಲ್ಲಾ ಸರಿ ಹೋಗ್ತದ' ಎಂಬುದು ಒಂದು, ಹೋಗುವುದಿಲ್ಲ. 'ಮಕ್ಕಳಾಗಂಗಿಲ್ಲ' ಎಂದು ಹುಡುಗಿಯನ್ನು ಹೆದರಿಸುವುದು ಇನ್ನೊಂದು, ಇದು ಮೊದಲನೆಯದಕ್ಕಿಂತ ಕ್ರೂರ. ಹೆಚ್ಚಿನವರಲ್ಲಿ ಅಂಡ ಬಿಡುಗಡೆ ತಡವಾಗುತ್ತದೆ, ಪೂರ್ತಿ ನಿಂತುಹೋಗಿರುವುದಿಲ್ಲ. ಬಹಳ ಮಂದಿ ಔಷಧವಿಲ್ಲದೆಯೇ ಬಸಿರಾಗುತ್ತಾರೆ, ಉಳಿದವರಿಗೆ ಅಂಡ ಬಿಡುಗಡೆ ಮಾಡಿಸುವ ಲೆಟ್ರೊಜೋಲ್ ಎಂಬ ಗುಳಿಗೆಯೇ ಮೊದಲ ಚಿಕಿತ್ಸೆ. ಮಗು ಈಗ ಬೇಡ ಎನ್ನುವ ದಂಪತಿಗೆ ಪಿಸಿಓಡಿ ಇದ್ದರೂ ಗರ್ಭನಿರೋಧಕ ಬೇಕೇ ಬೇಕು. ಇಂಥ ಮಾತುಗಳಿಂದ, ಗದ್ದದ ಕೂದಲಿನ ಚೇಷ್ಟೆಯಿಂದ ಮನಸ್ಸು ಕುಗ್ಗಿದ ಹುಡುಗಿಯರು ಇದ್ದಾರೆ. ಖಿನ್ನತೆ ಈ ಕಾಯಿಲೆಯ ಜೊತೆಗೇ ಹೆಚ್ಚಾಗಿ ಕಾಣುತ್ತದೆ, ಅದನ್ನೂ ವೈದ್ಯರ ಮುಂದೆ ಹೇಳಬೇಕು.

ತಡಮಾಡದೆ ಓಡಬೇಕಾದ ಸಂದರ್ಭಗಳೂ ಇವೆ. ಎರಡು ಮೂರು ತಿಂಗಳಲ್ಲೇ ಕೂದಲು ಭರ್ರನೆ ಬೆಳೆದು ಧ್ವನಿ ಗಡುಸಾದರೆ ಅದು ಹಾರ್ಮೋನ್ ಸುರಿಸುವ ಗೆಡ್ಡೆಯಿರಬಹುದು, ಪಿಸಿಓಡಿ ಎಂದು ಕೂರಬೇಡಿ. ಗಂಟೆಗೊಂದು ಪ್ಯಾಡ್ ನೆನೆಯುವ ಸ್ರಾವಕ್ಕೂ ಅಂದೇ ತೋರಿಸಬೇಕು. ಹುಬ್ಬಳ್ಳಿಯ ಕಿಮ್ಸ್ (ಈಗಿನ ಕೆಎಂಸಿಆರ್‌ಐ), ಗದಗದ ಜಿಮ್ಸ್ ವೈದ್ಯಕೀಯ ಕಾಲೇಜು ಆಸ್ಪತ್ರೆ, ಧಾರವಾಡ ಮತ್ತು ಹಾವೇರಿಯ ಜಿಲ್ಲಾಸ್ಪತ್ರೆಗಳಲ್ಲಿ ಸ್ತ್ರೀರೋಗ ವಿಭಾಗವಿದೆ. ಹದಿಹರೆಯದವರಿಗೆ ಸರ್ಕಾರಿ ಆಸ್ಪತ್ರೆಗಳ ಸ್ನೇಹ ಕ್ಲಿನಿಕ್‌ನಲ್ಲಿ ಮುಜುಗರವಿಲ್ಲದೆ ಮಾತಾಡಬಹುದು.

ಬರುವಾಗ ಕ್ಯಾಲೆಂಡರಿನ ಫೋಟೊ ತನ್ನಿ. ಮುಟ್ಟಿನ ಮೊದಲ ದಿನಕ್ಕೆ ಒಂದು ಸುತ್ತು, ಎಷ್ಟು ದಿನ ಆಯಿತೋ ಅಷ್ಟು ಚುಕ್ಕೆ, ಯಾವುದೇ ಗುಳಿಗೆಯಿಂದ ಆಗಿದ್ದರೆ ಪಕ್ಕದಲ್ಲಿ 'ಗು'. ಸಕ್ಕರೆ ಪರೀಕ್ಷೆ ಮಾಡಿಸಿದ ದಿನವನ್ನೂ ಅದರಲ್ಲೇ ಬರೆಯಿರಿ, ಮದುವೆಯಾಗಿ ಮಕ್ಕಳಾದ ಮೇಲೂ ಒಂದರಿಂದ ಮೂರು ವರ್ಷಕ್ಕೊಮ್ಮೆ ಅದನ್ನು ಮಾಡಿಸುತ್ತಿರಬೇಕು. ಹೊಸ ವರ್ಷಕ್ಕೆ ಹಳೆಯ ಕ್ಯಾಲೆಂಡರನ್ನು ರದ್ದಿಗೆ ಹಾಕುವ ಮೊದಲು ಆ ತಾರೀಖುಗಳನ್ನೆಲ್ಲ ಹೊಸದರ ಹಿಂಬದಿಗೆ ಇಳಿಸಿಕೊಳ್ಳಿ.