ಶ್ರೇಷ್ಠ ಆಲ್‌ರೌಂಡರ್ ಯಾರು? ಸರಾಸರಿಗೆ ಸಿಗದ ಲೆಕ್ಕ

ಮಾಟುಂಗದ ದಡ್ಕರ್ ಮೈದಾನದಲ್ಲಿ ಭಾನುವಾರ ಮ್ಯಾಚ್ ಮುಗಿಸಿ ಉಡುಪಿ ಹೋಟೆಲಿನಲ್ಲಿ ಕಾಫಿಗೆ ಕೂರುವ ನಮ್ಮ ಕನ್ನಡದವರಲ್ಲಿ, ಬ್ಯಾಟಿಂಗ್ ಬೌಲಿಂಗ್ ಎರಡನ್ನೂ ಮಾಡುವ ಆಲ್‌ರೌಂಡರ್‌ಗಳಲ್ಲಿ ಶ್ರೇಷ್ಠ ಯಾರು ಎಂಬ ವಾದಕ್ಕೆ ಕೊನೆಯೇ ಇಲ್ಲ. ಹಿರಿಯರಿಗೆ ವೆಸ್ಟ್ ಇಂಡೀಸ್‌ನ ಸೋಬರ್ಸ್, ಐವತ್ತು ದಾಟಿದವರಿಗೆ ಕಪಿಲ್, ಹುಡುಗರಿಗೆ ದಕ್ಷಿಣ ಆಫ್ರಿಕಾದ ಕಾಲಿಸ್ ಇಲ್ಲವೇ ಇಂಗ್ಲೆಂಡಿನ ಸ್ಟೋಕ್ಸ್. ಅಷ್ಟರಲ್ಲಿ ಒಬ್ಬ ಮೊಬೈಲ್ ತೆಗೆದು, ಬ್ಯಾಟಿಂಗ್ ಸರಾಸರಿಯಲ್ಲಿ (ಒಮ್ಮೆ ಔಟಾಗುವಷ್ಟರಲ್ಲಿ ಹೊಡೆಯುವ ರನ್) ಬೌಲಿಂಗ್ ಸರಾಸರಿ (ಒಂದು ವಿಕೆಟ್‌ಗೆ ಕೊಡುವ ರನ್) ಕಳೆದು ತೀರ್ಪು ಕೊಟ್ಟುಬಿಡುತ್ತಾನೆ. ಇಡೀ ಚರ್ಚೆಯ ದಾರಿ ತಪ್ಪಿಸಿರುವುದೇ ಈ ಕಳೆಯುವ ಲೆಕ್ಕ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮೊದಲು ಅಳತೆ ಬೇರೆಯೇ ಇತ್ತು. ಇಂಗ್ಲೆಂಡಿನಲ್ಲಿ ಒಂದು ಋತುವಿನಲ್ಲಿ 1000 ರನ್ ಹೊಡೆದು 100 ವಿಕೆಟ್ ಕಿತ್ತರೆ 'ಡಬಲ್' ಆಯಿತು ಎನ್ನುತ್ತಿದ್ದರು. 1873ರಲ್ಲಿ ಡಬ್ಲ್ಯು.ಜಿ. ಗ್ರೇಸ್ ಅದನ್ನು ಮೊದಲು ಮಾಡಿದರು. 1906ರಲ್ಲಿ ಯಾರ್ಕ್‌ಶೈರಿನ ಜಾರ್ಜ್ ಹರ್ಸ್ಟ್ 2000 ರನ್, 200 ವಿಕೆಟ್ ಎರಡನ್ನೂ ದಾಟಿದರು; ಮತ್ತೆ ಯಾರ ಕೈಯಲ್ಲೂ ಅದು ಆಗಿಲ್ಲ. ಆ ಅಳತೆಯಲ್ಲಿ ದುಡಿಮೆಗೆ ಬೆಲೆಯಿತ್ತು. 1960ರ ದಶಕದ ಕೊನೆಗೆ ಕೌಂಟಿ ಪಂದ್ಯಗಳು ಕಡಿಮೆಯಾದವು, ಡಬಲ್ ಅಪರೂಪವಾಯಿತು. ಟೆಸ್ಟ್ ಸರಾಸರಿ ಅದರ ಜಾಗ ಹಿಡಿಯಿತು.

ಸೋಬರ್ಸ್ ಮತ್ತು ಕಾಲಿಸ್ ಇಬ್ಬರನ್ನೇ ನೋಡಿ. ಸೋಬರ್ಸ್ 93 ಟೆಸ್ಟ್‌ಗಳಲ್ಲಿ 57.78ರ ಸರಾಸರಿಯಲ್ಲಿ 8032 ರನ್, 235 ವಿಕೆಟ್. ಕಾಲಿಸ್ 166 ಟೆಸ್ಟ್‌ಗಳಲ್ಲಿ 55.37ರ ಸರಾಸರಿಯಲ್ಲಿ 13,289 ರನ್, 292 ವಿಕೆಟ್. ಕಳೆದು ನೋಡಿದರೆ ಇಬ್ಬರೂ ಹೆಚ್ಚುಕಡಿಮೆ ಒಂದೇ ಕಡೆ ನಿಲ್ಲುತ್ತಾರೆ. ಈಗ ಎಸೆತಗಳನ್ನು ಎಣಿಸಿ: ಸೋಬರ್ಸ್ 21,599, ಕಾಲಿಸ್ 20,232. ಅಂದರೆ ಕಾಲಿಸ್ ಒಂದು ಟೆಸ್ಟ್‌ಗೆ ಸುಮಾರು 20 ಓವರ್ ಹಾಕಿದರೆ, ಸೋಬರ್ಸ್ 39ರ ಹತ್ತಿರ ಹಾಕಿದ್ದಾರೆ. ಅದೂ ಹೊಸ ಚೆಂಡಿನಲ್ಲಿ ವೇಗ, ಆಮೇಲೆ ಎಡಗೈ ಸ್ಪಿನ್, ಬೇಕಾದರೆ ಮಣಿಕಟ್ಟಿನ ಸ್ಪಿನ್. ಕಾಲಿಸ್ ಅಪ್ರತಿಮ ಬ್ಯಾಟ್ಸ್‌ಮನ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಎರಡು ಕೆಲಸದ ಹೊರೆಯನ್ನೂ ಪೂರ್ತಿ ಹೊತ್ತವರು ಸೋಬರ್ಸ್.

ಈ ಲೆಕ್ಕದಿಂದ ಅತಿ ಹೆಚ್ಚು ಅನ್ಯಾಯವಾಗಿರುವುದು ವಿನೂ ಮಂಕಡ್ ಅವರಿಗೆ. ವಾಂಖೆಡೆಗೆ ಹೋಗುವವರು ಅವರ ಹೆಸರಿನ ರಸ್ತೆಯಲ್ಲೇ ನಡೆದು ಹೋಗುತ್ತಾರೆ. ಬ್ಯಾಟಿಂಗ್ 31.47, ಬೌಲಿಂಗ್ 32.32; ಕಳೆದರೆ ಸೊನ್ನೆಗಿಂತ ಕೆಳಗೆ! 1952ರಲ್ಲಿ ಅವರು ಲ್ಯಾಂಕಾಷೈರ್ ಲೀಗ್‌ನಲ್ಲಿ ಆಡುತ್ತಿದ್ದಾಗ ಲಾರ್ಡ್ಸ್ ಟೆಸ್ಟ್‌ಗೆ ಕರೆಬಂತು. ಇನಿಂಗ್ಸ್ ಆರಂಭಿಸಿ 72 ಹೊಡೆದರು. ಆಮೇಲೆ 73 ಓವರ್ ಹಾಕಿ 196 ರನ್‌ಗೆ 5 ವಿಕೆಟ್ ತೆಗೆದರು. ಮತ್ತೆ ಆರಂಭಿಕರಾಗಿ ಹೋಗಿ 184. ಕೊನೆಗೆ ಇನ್ನೂ 24 ಓವರ್. ಭಾರತ 8 ವಿಕೆಟ್‌ಗಳಿಂದ ಸೋತಿತು, ನಿಜ. ಆದರೆ ಒಬ್ಬನೇ ಆಟಗಾರ ಒಂದು ತಂಡವನ್ನು ಇಷ್ಟು ದೂರ ಎಳೆದ ಪಂದ್ಯ ನನಗಂತೂ ಬೇರೆ ಕಾಣುವುದಿಲ್ಲ. 44 ಟೆಸ್ಟ್‌ಗಳಲ್ಲಿ ಮಂಕಡ್ ಹಾಕಿದ್ದು 14,686 ಎಸೆತ, ಟೆಸ್ಟ್‌ಗೆ 55 ಓವರ್. 23 ಟೆಸ್ಟ್‌ಗಳಲ್ಲೇ 1000 ರನ್, 100 ವಿಕೆಟ್ ಮುಟ್ಟಿದ ಅವರ ದಾಖಲೆ 1979ರವರೆಗೆ ಉಳಿಯಿತು. ಐಸಿಸಿ ಹಾಲ್ ಆಫ್ ಫೇಮ್‌ಗೆ ಅವರನ್ನು ಸೇರಿಸಿದ್ದು 2021ರಲ್ಲಿ. ತೀರಾ ತಡವಾಯಿತು.

ಆ ದಾಖಲೆ ಮುರಿದ ಇಯಾನ್ ಬೋಥಮ್ ಮರುವರ್ಷವೇ ವಾಂಖೆಡೆಗೆ ಬಂದರು. 1980ರ ಫೆಬ್ರವರಿಯ, ಭಾರತೀಯ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವ ಟೆಸ್ಟ್. ಸೂರ್ಯಗ್ರಹಣಕ್ಕಾಗಿ ಎರಡನೇ ದಿನವೇ ಬಿಡುವು ಕೊಟ್ಟಿದ್ದರು. ಭಾರತದ ನಾಯಕ ನಮ್ಮ ಜಿ.ಆರ್. ವಿಶ್ವನಾಥ್, ಎಲ್ಲರ ಬಾಯಲ್ಲಿ 'ವಿಶಿ'. ಇಂಗ್ಲೆಂಡ್ 58ಕ್ಕೆ 5 ಆಗಿದ್ದಾಗ ಬೋಥಮ್ ಜತೆ ಬಾಬ್ ಟೇಲರ್ ನಿಂತರು. ಟೇಲರ್‌ಗೆ ಅಂಪೈರ್ ಔಟ್ ಕೊಟ್ಟರೂ ಬ್ಯಾಟಿಗೆ ತಾಗಿಲ್ಲವೆಂದು ವಿಶಿ ಅವರನ್ನು ವಾಪಸ್ ಕರೆದರು. ಆ ಜೊತೆಯಾಟ 171ಕ್ಕೆ ಬೆಳೆಯಿತು. ಬೋಥಮ್ 114 ರನ್ ಹೊಡೆದು, 58ಕ್ಕೆ 6, 48ಕ್ಕೆ 7 ವಿಕೆಟ್ ಕಿತ್ತರು. ಇಂಗ್ಲೆಂಡ್ 10 ವಿಕೆಟ್‌ಗಳಿಂದ ಗೆದ್ದಿತು. ಮುಂಬೈ ಕನ್ನಡಿಗರು ಈ ಸೋಲನ್ನು ಇವತ್ತಿಗೂ ಹೆಮ್ಮೆಯಿಂದಲೇ ಹೇಳುತ್ತಾರೆ, ಹೇಳಲೇಬೇಕು ಕೂಡ.

ಒಂದೇ ಟೆಸ್ಟ್‌ನಲ್ಲಿ ಶತಕ ಮತ್ತು ಹತ್ತು ವಿಕೆಟ್: ಇದನ್ನು ಮೊದಲು ಮಾಡಿದವರು ಬೋಥಮ್ ಎಂದೇ ಬಹಳ ಕಡೆ ಓದುತ್ತೇವೆ. ಪುರುಷರಲ್ಲಿ ಹೌದು. ಆದರೆ 1958ರಲ್ಲೇ ಮೆಲ್ಬರ್ನ್‌ನ ಸೇಂಟ್ ಕಿಲ್ಡಾದಲ್ಲಿ ಆಸ್ಟ್ರೇಲಿಯಾದ ಬೆಟ್ಟಿ ವಿಲ್ಸನ್ ಇಂಗ್ಲೆಂಡ್ ಎದುರು 7 ರನ್‌ಗೆ 7, 9 ರನ್‌ಗೆ 4 ವಿಕೆಟ್ ತೆಗೆದು ನೂರು ರನ್ ಹೊಡೆದಿದ್ದರು, ಹ್ಯಾಟ್ರಿಕ್ ಸಮೇತ. ಶ್ರೇಷ್ಠರ ಪಟ್ಟಿ ಮಾಡುವವರು ಈ ಹೆಸರನ್ನು ಬಿಟ್ಟುಬಿಡುವುದು ನನಗೆ ಸಹಿಸಲಾಗದ ಸಂಗತಿ.

ಪಾಕಿಸ್ತಾನದ ಇಮ್ರಾನ್, ನ್ಯೂಜಿಲೆಂಡಿನ ಹ್ಯಾಡ್ಲಿ, ಕಪಿಲ್, ಬೋಥಮ್ ನಾಲ್ವರ ಹೋಲಿಕೆ 1980ರ ದಶಕವಿಡೀ ನಡೆಯಿತು. ಸರಾಸರಿಯಲ್ಲಿ ಇಮ್ರಾನ್ ಎಲ್ಲರಿಗಿಂತ ಮುಂದೆ. ಕಪಿಲ್ ಹಿಂದೆ ಬೀಳುತ್ತಾರೆ. ಆದರೆ ಇನ್ನೊಂದು ತುದಿಯಲ್ಲಿ ಸರಿಯಾದ ವೇಗಿಯೇ ಇಲ್ಲದೆ, ನಮ್ಮ ಸತ್ತ ಪಿಚ್‌ಗಳಲ್ಲಿ 131 ಟೆಸ್ಟ್ ಆಡಿ 434 ವಿಕೆಟ್ ತೆಗೆದವರು ಅವರು.

ಇತ್ತೀಚಿನ ಉದಾಹರಣೆಗೆ ನವಿ ಮುಂಬೈಗೆ ಹೋದರೆ ಸಾಕು. ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ 2023ರ ಡಿಸೆಂಬರ್‌ನಲ್ಲಿ ಇಂಗ್ಲೆಂಡ್ ವಿರುದ್ಧದ ಮಹಿಳಾ ಟೆಸ್ಟ್‌ನಲ್ಲಿ ದೀಪ್ತಿ ಶರ್ಮಾ 67 ರನ್, ಒಟ್ಟು 9 ವಿಕೆಟ್. ಅದೇ ಅಂಗಳದಲ್ಲಿ 2025ರ ನವೆಂಬರ್ 2ರ ಮಹಿಳಾ ವಿಶ್ವಕಪ್ ಫೈನಲ್‌ನಲ್ಲಿ 58 ರನ್, 39ಕ್ಕೆ 5 ವಿಕೆಟ್.

ನನ್ನ ಚಿಂತೆ ಐಪಿಎಲ್‌ನ ಇಂಪ್ಯಾಕ್ಟ್ ಪ್ಲೇಯರ್ ನಿಯಮದ್ದು. 2023ರಿಂದ ಒಬ್ಬ ಬ್ಯಾಟ್ಸ್‌ಮನ್ ಬದಲು ಬೌಲರ್‌ನನ್ನು ನಡುವೆಯೇ ಇಳಿಸಬಹುದು. ಆರನೇ ಬೌಲರ್‌ಗೆ ಚೆಂಡು ಕೊಡುವ ಅಗತ್ಯವೇ ಬೀಳುವುದಿಲ್ಲ. ಇದರಿಂದ ಆಲ್‌ರೌಂಡರ್‌ಗಳ ಬೆಳವಣಿಗೆ ನಿಲ್ಲುತ್ತದೆ ಎಂದು 2024ರಲ್ಲಿ ರೋಹಿತ್ ಶರ್ಮಾ ಬಹಿರಂಗವಾಗಿ ಹೇಳಿದ್ದರು. ಮುಂಬೈನ ಶಿವಂ ದುಬೆಗೆ ಆ ವರ್ಷ ಐಪಿಎಲ್‌ನಲ್ಲಿ ಚೆಂಡು ಸಿಕ್ಕಿದ್ದೇ ಅಪರೂಪ. 2025ರ ಏಷ್ಯಾ ಕಪ್ ಫೈನಲ್‌ಗೆ ಹಾರ್ದಿಕ್ ಪಾಂಡ್ಯ ಇರಲಿಲ್ಲ. ಪಾಕಿಸ್ತಾನದ ಎದುರು ಹೊಸ ಚೆಂಡು ಹಿಡಿದು ಓಡಿಬಂದದ್ದು ಇದೇ ದುಬೆ. ಗುರಿ ಬೆನ್ನಟ್ಟುವಾಗ ತಿಲಕ್ ವರ್ಮಾ ಜತೆ ನಿಂತು 33 ರನ್ ಹೊಡೆದದ್ದೂ ಅವರೇ.