ವಾರಂಟಿ ಇದ್ದರೂ ಹೋಂ ಥಿಯೇಟರ್ ದುರಸ್ತಿ ಮಾಡಿಕೊಡದಿದ್ದರೆ ಏನು ಮಾಡಬೇಕು?

ಪ್ರಶ್ನೆ: ನಾವು ಸಿಂಧನೂರಿನವರು. ರಾಯಚೂರಿನ ಅಂಗಡಿಯೊಂದರಲ್ಲಿ ಕೊಂಡ ಹೋಂ ಥಿಯೇಟರಿನ ಸಬ್‌ವೂಫರ್ (ಬೇಸ್ ಶಬ್ದ ಕೊಡುವ ದೊಡ್ಡ ಸ್ಪೀಕರ್) ಏಳು ತಿಂಗಳಿಗೇ ಕೆಟ್ಟಿತು. ಸರ್ವಿಸ್ ಸೆಂಟರಿನವರು ಎರಡು ತಿಂಗಳು ಇಟ್ಟುಕೊಂಡು, ಈಗ ‘ವೋಲ್ಟೇಜ್ ಹೆಚ್ಚಾಗಿ ಬೋರ್ಡ್ ಸುಟ್ಟಿದೆ, ವಾರಂಟಿಗೆ ಬರುವುದಿಲ್ಲ’ ಎನ್ನುತ್ತಿದ್ದಾರೆ. ಕಂಪನಿಯನ್ನು ಕೇಳಿ ಎಂದು ಅಂಗಡಿಯವರು ಕೈ ತೊಳೆದುಕೊಂಡಿದ್ದಾರೆ. ದಾರಿ ಏನು?

ಉತ್ತರ: ‘ವಾರಂಟಿಗೆ ಬರುವುದಿಲ್ಲ’ ಎಂಬ ಮಾತನ್ನು ಮೊದಲು ಬರವಣಿಗೆಯಲ್ಲಿ ಪಡೆಯಿರಿ. ಕೌಂಟರಿನಲ್ಲಿ ಆಡಿದ ಮಾತಿಗೆ ಸಾಕ್ಷಿ ಇರುವುದಿಲ್ಲ; ಕಂಪನಿಯ ಇಮೇಲಿಗೆ ನೀವು ಬರೆದು ಪಡೆದ ಉತ್ತರಕ್ಕೆ ದಿನಾಂಕವೂ ಇರುತ್ತದೆ, ತೂಕವೂ ಇರುತ್ತದೆ. ನನ್ನ ಆಂಪ್ಲಿಫೈಯರ್ ಕೆಟ್ಟಾಗ ‘ಮುಂದಿನ ವಾರ ಬನ್ನಿ’ ಎಂಬ ಮಾತನ್ನೇ ನಂಬಿ ವಾರಂಟಿಯ ಕೊನೆಯ ತಿಂಗಳನ್ನು ಕಳೆದುಕೊಂಡವನು ನಾನು. ಆದ್ದರಿಂದಲೇ ಇದನ್ನು ಎಲ್ಲಕ್ಕಿಂತ ಮೊದಲು ಹೇಳುತ್ತಿದ್ದೇನೆ.

ವೋಲ್ಟೇಜ್ ಏರಿಳಿತದಿಂದಾದ ಹಾನಿಯನ್ನು ಬಹುತೇಕ ವಾರಂಟಿ ಕಾರ್ಡುಗಳು ಹೊರಗಿಡುತ್ತವೆ, ಮತ್ತು ನಮ್ಮ ಭಾಗದಲ್ಲಿ, ಅದರಲ್ಲೂ ಬೇಸಿಗೆಯಲ್ಲಿ, ಅಂಥ ಏರಿಳಿತ ಸುಳ್ಳೇನಲ್ಲ. ಆದರೆ ಕಾರ್ಡಿನಲ್ಲಿ ಆ ಷರತ್ತು ಇರುವುದು ಬೇರೆ, ನಿಮ್ಮ ಸೆಟ್ಟಿಗೆ ಅದು ಅನ್ವಯಿಸುತ್ತದೆಂದು ತೋರಿಸುವುದು ಬೇರೆ. ಯಾವ ಬಿಡಿಭಾಗ ಸುಟ್ಟಿದೆ, ಅದಕ್ಕೆ ವೋಲ್ಟೇಜೇ ಕಾರಣವೆಂದು ಹೇಗೆ ತಿಳಿಯಿತು ಎಂದು ಕೇಳಿ, ಬೋರ್ಡಿನ ಫೋಟೋ ಕೊಡಲು ಹೇಳಿ. ಹೊರಗಿನ ವಿದ್ಯುತ್ತಿನ ಹೊಡೆತ ಸಾಮಾನ್ಯವಾಗಿ ಮೊದಲು ತಾಗುವುದು ಪವರ್ ಸಪ್ಲೈ ಭಾಗಕ್ಕೆ, ಅಂದರೆ ಫ್ಯೂಸಿಗೆ ಮತ್ತು ಅದರ ಆಸುಪಾಸಿನ ಭಾಗಗಳಿಗೆ. ಅವೆಲ್ಲ ಸರಿಯಿದ್ದು ಸ್ಪೀಕರಿನ ಕಾಯಿಲ್ ಮಾತ್ರ ಹೋಗಿದ್ದರೆ, ಅವರ ವಿವರಣೆ ಸಾಲದು. ಸೆಟ್ ಒಪ್ಪಿಸಿದ ದಿನದ ಜಾಬ್ ಶೀಟ್ ತೆಗೆದು ನೋಡಿ: ‘ಲೈಟ್ ಬರುತ್ತದೆ, ಶಬ್ದವಿಲ್ಲ’ ಎಂದು ಬರೆದಿದ್ದರೆ, ಅಂದರೆ ಪವರ್ ಸಪ್ಲೈ ಆಗ ಕೆಲಸ ಮಾಡುತ್ತಿತ್ತು ಎಂದಾದರೆ, ಅದು ಪೂರ್ಣ ಪುರಾವೆಯಲ್ಲದಿದ್ದರೂ, ನಿಮ್ಮ ವಾದಕ್ಕೆ ದೊಡ್ಡ ಆಸರೆ.

ಬಿಲ್ಲನ್ನು ಇಂದೇ ಜೆರಾಕ್ಸ್ ಮಾಡಿಸಿ. ಯಂತ್ರದಿಂದ ಬರುವ ನುಣುಪು ಕಾಗದದ ಅಕ್ಷರಗಳು ರಾಯಚೂರಿನ ಬಿಸಿಲಿಗೆ ಬೇಗ ಮಾಸುತ್ತವೆ.

ಮುಂದಿನ ಹೆಜ್ಜೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲಿ ಕನ್ನಡದಲ್ಲೇ ದೂರು ಹೇಳಬಹುದು. ಅದು ನ್ಯಾಯಾಲಯವಲ್ಲ, ದೂರನ್ನು ಕಂಪನಿಗೆ ತಲುಪಿಸಿ ಉತ್ತರ ಕೇಳುವ ವ್ಯವಸ್ಥೆ. ಅದರಿಂದಲೂ ಫಲ ಸಿಗದಿದ್ದರೆ ಅಂಗಡಿ, ಸರ್ವಿಸ್ ಸೆಂಟರ್ ಮತ್ತು ಕಂಪನಿ ಮೂವರಿಗೂ ಹದಿನೈದು ದಿನಗಳ ಗಡುವಿನ ನೋಟಿಸನ್ನು ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ, ನಂತರ ರಾಯಚೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಿ. ಕಂಪನಿಯ ಕಚೇರಿ ಬೇರೆ ರಾಜ್ಯದಲ್ಲಿದ್ದರೂ ಚಿಂತೆಯಿಲ್ಲ, ಏಕೆಂದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರರು ವಾಸಿಸುವ ಜಿಲ್ಲೆಯಲ್ಲೇ ದೂರು ದಾಖಲಿಸಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ; ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ಸಲ್ಲಿಸಬೇಕು. ದೋಷ ಸರಿಪಡಿಸಲು, ಸೆಟ್ ಬದಲಿಸಲು, ಹಣ ಹಿಂತಿರುಗಿಸಲು, ಪರಿಹಾರ ಕೊಡಲು ಆಯೋಗ ಆದೇಶಿಸಬಹುದು. ಮೂರು ತಿಂಗಳೊಳಗೆ, ಸೆಟ್ಟನ್ನು ತಜ್ಞರಿಂದ ಪರೀಕ್ಷಿಸಬೇಕಾದರೆ ಐದು ತಿಂಗಳೊಳಗೆ ತೀರ್ಮಾನಿಸಲು ಪ್ರಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ, ಆದರೆ ಪ್ರತಿ ಪ್ರಕರಣವೂ ಆ ಗಡುವಿನೊಳಗೆ ಮುಗಿಯುತ್ತದೆಂದು ಎಣಿಸಬೇಡಿ.

ಆ ಪರೀಕ್ಷೆಯ ಕಾರಣಕ್ಕಾಗಿಯೇ ಸೆಟ್ಟನ್ನು ಊರಿನ ಮೆಕ್ಯಾನಿಕ್‌ನಿಂದ ಬಿಚ್ಚಿಸಬೇಡಿ. ಒಮ್ಮೆ ಬಿಚ್ಚಿದರೆ ಹಾನಿ ಯಾರಿಂದಾಯಿತೆಂಬ ಪ್ರಶ್ನೆ ನಿಮ್ಮ ಕಡೆಗೇ ತಿರುಗುತ್ತದೆ. ದುರಸ್ತಿಯಿಲ್ಲದೆ ಅದನ್ನು ವಾಪಸ್ ಪಡೆಯಬೇಕಾಗಿ ಬಂದರೆ, ‘ಸರಿಯಾಗಿದೆ, ತೃಪ್ತಿಯಿದೆ’ ಎಂಬ ಮುದ್ರಿತ ಸಾಲಿನ ಕೆಳಗೆ ಸುಮ್ಮನೆ ಸಹಿ ಹಾಕದೆ, ‘ದುರಸ್ತಿಯಾಗಿಲ್ಲ’ ಎಂದು ದಿನಾಂಕದೊಂದಿಗೆ ಬರೆದು, ಅದರ ಕೆಳಗೆ ಸಹಿ ಮಾಡಿ, ಒಂದು ಪ್ರತಿಯನ್ನು ಕೇಳಿ ಪಡೆದುಕೊಳ್ಳಿ.