28 ದಿನ ಆಯ್ತಲ್ಲ ಸಾರ್, ಎಪಾಕ್ಸಿ ಹೊಡಿಸಬಹುದಾ?

ಕಾರು ನಿಲ್ಲಿಸುವ ನೆಲಕ್ಕೆ ಯಾವ ಕೋಟಿಂಗ್ ಒಳ್ಳೆಯದು, ಎಪಾಕ್ಸಿ (ನೆಲದ ಮೇಲೆ ಗಟ್ಟಿಯಾದ ಹೊಳೆಯುವ ಪದರವಾಗುವ ರಾಳದ ಬಣ್ಣ) ಹೊಡಿಸಬಹುದಾ ಎಂದು ಕೇಳಿಕೊಂಡು ಬರುವವರ ಕೈಯಲ್ಲಿ ಶೇಡ್ ಕಾರ್ಡ್ ಇರುತ್ತದೆ, ಗೃಹಪ್ರವೇಶದ ತಾರೀಖೂ ಇರುತ್ತದೆ. ಕಾಂಕ್ರೀಟ್ ಹಾಕಿದ್ದು ಯಾವಾಗ ಎಂದರೆ ಮಾತ್ರ ಮೇಸ್ತ್ರಿಗೆ ಫೋನ್ ಹೋಗಬೇಕು. ಮೇಸ್ತ್ರಿಯ ಉತ್ತರ ಎಲ್ಲ ಊರಲ್ಲೂ ಒಂದೇ: “28 ದಿನ ಆಗಿದೆ ಸಾರ್, ಧೈರ್ಯವಾಗಿ ಹೊಡಿಸಿ.”

ಈ ಲೆಕ್ಕ ಕೇಳಿ ಕೇಳಿ ನನಗೆ ಸಾಕಾಗಿದೆ. 28 ದಿನ ಅನ್ನುವುದು ಕಾಂಕ್ರೀಟಿನ ಬಲ ಅಳೆಯುವ ಗಡುವು. ಎಂ20 ದರ್ಜೆಯ ಕಾಂಕ್ರೀಟ್ ಎಂದರೆ ಅಷ್ಟು ದಿನಕ್ಕೆ ಅದರ ಮಾದರಿ ಕ್ಯೂಬ್ ಒಡೆದು ನೋಡಿದಾಗ ಇಷ್ಟು ಬಲ ಇರಬೇಕು ಎಂದರ್ಥ. ನೆಲ ಒಣಗಿದೆಯೋ ಇಲ್ಲವೋ ಅದಕ್ಕೆ ಸಂಬಂಧವೇ ಇಲ್ಲ. ನೀವೇ ಗೋಣಿಚೀಲ ಹಾಸಿ, ಕಟ್ಟೆ ಕಟ್ಟಿ, ದಿನಾ ನೀರು ಬಿಟ್ಟಿದ್ದೀರಿ. ಕ್ಯೂರಿಂಗ್ ಮಾಡುವುದೇ ಒಣಗದಿರಲಿ ಎಂದು. ಎರಡು ವಾರ ನೆಲದ ಮೇಲೆ ಹೀಗೆ ನೀರು ಕಟ್ಟಿದ್ದರೆ, 28ನೇ ದಿನಕ್ಕೆ ಆ ನೆಲ ಒಣಗಲು ಶುರುಮಾಡಿ ಎರಡೇ ವಾರ!

ಒಂದು ಮೂಟೆ, ಅಂದರೆ 50 ಕೆಜಿ ಸಿಮೆಂಟಿಗೆ 25 ಲೀಟರ್ ನೀರು ಹಾಕಿದಿರಿ ಅಂದುಕೊಳ್ಳಿ. ಅದರಲ್ಲಿ ಸಿಮೆಂಟಿನೊಂದಿಗೆ ಬೆರೆತು ಗಟ್ಟಿಯಾಗುವುದು ಹೆಚ್ಚುಕಡಿಮೆ ಅರ್ಧ. ಉಳಿದದ್ದರಲ್ಲಿ ಸಾಕಷ್ಟು ಭಾಗ ಸಣ್ಣ ರಂಧ್ರಗಳ ಮೂಲಕ ಮೇಲೆ ಬಂದು ಗಾಳಿಗೆ ಹೋಗಬೇಕು. ಇಂಚು ದಪ್ಪಕ್ಕೆ ತಿಂಗಳು ಎಂಬುದು ನಮ್ಮ ಕಸುಬಿನ ಅಂದಾಜು. ನಾಲ್ಕಿಂಚಿಗೆ ನಾಲ್ಕು ತಿಂಗಳು. ಮಳೆಗಾಲ ಬಿದ್ದರೆ ಇನ್ನೂ ಹೆಚ್ಚು. ಆ ದಾರಿಯನ್ನು ಎಪಾಕ್ಸಿ ಬಳಿದು ಮುಚ್ಚಿದರೆ, ಒಳಗಿನ ತೇವ ಕ್ಷಾರವನ್ನೂ ಎಳೆದುಕೊಂಡು ಬಂದು ಕೋಟಿಂಗನ್ನು ಕೆಳಗಿನಿಂದ ಎಬ್ಬಿಸುತ್ತದೆ.

ಮೈಸೂರಿನಲ್ಲಿ ಒಬ್ಬ ನಿವೃತ್ತ ಬ್ಯಾಂಕ್ ಅಧಿಕಾರಿಯ ಮನೆ ನೋಡಲು ಹೋಗಿದ್ದೆ. ತಿಳಿಬೂದು ಎಪಾಕ್ಸಿ, ಕನ್ನಡಿಯಂಥ ಹೊಳಪು. ಆದರೆ ಗೇಟಿನ ಪಕ್ಕ ಒಂದು ಕಡೆ ಮಾತ್ರ ಹಪ್ಪಳದ ಹಾಗೆ ಗುಳ್ಳೆ, ಅದೂ ಅಳತೆ ಹಿಡಿದಂತೆ ಆಯತಾಕಾರವಾಗಿ. ಅವರು ಪೇಂಟರನ್ನು ಬೈಯುತ್ತಿದ್ದರು. “ಸಂಪು ಎಲ್ಲಿದೆ ಸಾರ್?” ಎಂದೆ. ಸರಿಯಾಗಿ ಆ ಗುಳ್ಳೆಗಳ ಕೆಳಗೇ ಇತ್ತು, ತೇವ ಏರುತ್ತಿದ್ದದ್ದು ಅಲ್ಲಿಂದಲೇ. ನಮ್ಮ 30x40 ಸೈಟುಗಳಲ್ಲಿ ಸಂಪಿಗೆ ಬೇರೆ ಜಾಗವಾದರೂ ಎಲ್ಲಿದೆ? ಅವರ ಶ್ರೀಮತಿ ಮಾತ್ರ ನಗುತ್ತಾ, “ಮೊನ್ನೆ ತೊಳೆಯುವಾಗ ಇವರೇ ಜಾರಿದ್ರು, ಇದನ್ನ ಕಿತ್ತು ಹಾಕಿಸಿಬಿಡಿ” ಅಂದರು. ಅವರ ಮಾತೇ ನಡೆಯಿತು.

ನೀವು ಮಾಡಬೇಕಾದದ್ದು ಇಷ್ಟು. ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಶೀಟನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ನೆಲಕ್ಕೆ ಅಂಟಿಸಿ. ಕನಿಷ್ಠ 16 ಗಂಟೆ ಬಿಟ್ಟು ನೋಡಿ. ಒಳಗೆ ಹನಿ ಕಟ್ಟಿದ್ದರೆ, ನೆಲ ಕಪ್ಪಾಗಿದ್ದರೆ ಕಾಯಿರಿ. ಸಂಪಿನ ಮೇಲೊಂದು, ದೂರಕ್ಕೊಂದು ಅಂಟಿಸಿ. ಒಣಗಿ ಕಂಡ ಮಾತ್ರಕ್ಕೆ ಖಾತ್ರಿ ಅಂತಲ್ಲ. ಏಪ್ರಿಲ್ ಬಿಸಿಲಲ್ಲಿ ಪಾಸಾದ ನೆಲ ಆಗಸ್ಟಿನಲ್ಲಿ ಒದ್ದೆಯಾಗಬಹುದು, ಮುಖ್ಯವಾಗಿ ಮಣ್ಣಿನ ತೇವ ಏರದಂತೆ ಕಾಂಕ್ರೀಟಿನಡಿ ಪಾಲಿಥಿನ್ ಹಾಸದಿದ್ದರೆ. ಅನುಮಾನವಿದ್ದರೆ ತೇವಾಂಶ ಅಳೆಯುವ ಉಪಕರಣ ಇರುವವರನ್ನು ಕರೆಸಿ.

ಕಾಯಲು ಆಗುವುದೇ ಇಲ್ಲ ಎನ್ನುವವರಿಗೆ ನೆಲದೊಳಗೆ ಇಳಿಯುವ ಸಿಲೇನ್-ಸಿಲೋಕ್ಸೇನ್ ಸೀಲರ್ ಇದೆ. ತೇವದ ಆವಿ ಹೊರಹೋಗಲು ಬಿಡುತ್ತದೆ, ಹೊಳೆಯುವುದಿಲ್ಲ, ಎಂಜಿನ್ ಆಯಿಲ್ ಕಲೆಯನ್ನು ಪೂರ್ತಿ ತಡೆಯುವುದೂ ಇಲ್ಲ. ಒಂದೇ ಕಾರಿನ ಮನೆಗೆ ಬಹಳ ಸಲ ಅಷ್ಟೇ ಸಾಕು. ಅದಕ್ಕೂ ಎಷ್ಟು ದಿನ ಬಿಡಬೇಕೆಂದು ಡಬ್ಬಿಯ ಮೇಲೆ ಓದಿಕೊಳ್ಳಿ. ಹೊಳಪೇ ಬೇಕು ಅಂದರೆ, ನೆಲ ಒಣಗಿದ ಮೇಲೆ ಗ್ರೈಂಡಿಂಗ್ ಮಾಡಿಸಿ ಎರಡು ಡಬ್ಬಿ ಬೆರೆಸುವ ಎಪಾಕ್ಸಿ ಹಾಕಿಸಿ, ಬಿಸಿಲು ಬೀಳುವ ಕಡೆ ಹಳದಿಯಾಗದಂತೆ ಮೇಲೊಂದು ಪಿಯು (ಪಾಲಿಯುರೆಥೇನ್) ಕೋಟ್ ಕೊಡಿಸಿ. ಜಾರದಿರಲಿ ಎಂದು ಸ್ವಲ್ಪ ಮರಳು ಉದುರಿಸಲು ಹೇಳುವುದನ್ನು ಮರೆಯಬೇಡಿ.